ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ಸೆನ್ಸರ್ ಕೂರಿಸಲು ಸರಿಯಾದ ಜಾಗ ಯಾವುದು?

ಪ್ರಶ್ನೆ: ನನ್ನ ಕಾರಿನದು 1.6 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ. ಕಂಪನಿಯವರು ಕೊಟ್ಟ ನ್ಯಾರೋಬ್ಯಾಂಡ್ ಸೆನ್ಸರ್ (ಇಂಧನ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುವಂಥದ್ದು) ಮ್ಯಾನಿಫೋಲ್ಡ್‌ನ ನಾಲ್ಕು ಕವಲುಗಳು ಕೂಡುವಲ್ಲಿ ಇದೆ. ಟ್ಯೂನಿಂಗ್ ಸಲುವಾಗಿ, ಗಾಳಿ ಮತ್ತು ಇಂಧನದ ಅನುಪಾತವನ್ನು ಅಂಕಿಯಲ್ಲೇ ತೋರಿಸುವ ಒಂದು ವೈಡ್‌ಬ್ಯಾಂಡ್ ಸೆನ್ಸರನ್ನು ಹೆಚ್ಚುವರಿಯಾಗಿ ಹಾಕಿಸಬೇಕೆಂದಿದ್ದೇನೆ. ಕ್ಯಾಟಲಿಟಿಕ್ ಕನ್ವರ್ಟರ್ ದಾಟಿದ ಮೇಲೆ ಕಾರಿನಡಿ ಉದ್ದನೆಯ ನೇರ ಪೈಪ್ ಇದೆ, ಅದರ ತಳಭಾಗದಲ್ಲಿ ವೆಲ್ಡ್ ಮಾಡುವುದು ಸುಲಭ ಎನ್ನುತ್ತಾರೆ ಮೆಕ್ಯಾನಿಕ್. ಎಂಜಿನ್‌ಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು ಎನ್ನುತ್ತಾರೆ ಸ್ನೇಹಿತರೊಬ್ಬರು. ಯಾರ ಮಾತು ಕೇಳಲಿ? ಮುಂದೆ ಟರ್ಬೊ ಹಾಕಿಸಿದರೆ ಜಾಗ ಬದಲಿಸಬೇಕಾಗುತ್ತದೆಯೇ?

ಉತ್ತರ: ಇಬ್ಬರ ಮಾತನ್ನೂ ಪೂರ್ತಿಯಾಗಿ ಒಪ್ಪಲಾಗುವುದಿಲ್ಲ. ನಿಮ್ಮ ಕಾರಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಇರಬೇಕಾದ ಜಾಗ ಡೌನ್‌ಪೈಪ್. ಅಂದರೆ, ನಾಲ್ಕೂ ಸಿಲಿಂಡರ್‌ಗಳ ಹೊಗೆ ಒಂದೇ ಪೈಪಿಗೆ ಬಂದು ಬೆರೆತ ಮೇಲೆ, ಆದರೆ ಫ್ಲೆಕ್ಸ್ ಪೈಪ್ (ಎಂಜಿನ್‌ನ ಅದುರುವಿಕೆಗೆ ಬಳುಕುವ ತುಂಡು) ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಎರಡಕ್ಕೂ ಮೊದಲು, ಪೈಪಿನ ಮೇಲರ್ಧದಲ್ಲಿ, ಸೆನ್ಸರ್‌ನ ತಂತಿಯ ತುದಿ ಮೇಲಕ್ಕೂ ಮೂತಿ ಕೆಳಕ್ಕೂ ಇರುವಂತೆ ಓರೆಯಾಗಿ ಅದನ್ನು ಕೂರಿಸಬೇಕು. ಎಂಜಿನ್ ಹೆಡ್‌ನಿಂದ ಅಲ್ಲಿಗೆ 50ರಿಂದ 80 ಸೆಂ.ಮೀ. ಆದರೂ ಚಿಂತೆಯಿಲ್ಲ. ಎಲ್ಲರೂ ವಾದ ಮಾಡುವುದು ಈ ದೂರದ ಬಗ್ಗೆಯೇ. ಆದರೆ ಸೆನ್ಸರ್ ಬಹುಕಾಲ ಬಾಳುತ್ತದೆಯೇ, ಅದು ತೋರಿಸುವ ಅಂಕಿಯನ್ನು ನಂಬಬಹುದೇ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಕೂರಿಸಿದ ಓರೆ ಮತ್ತು ಅದರ ಹಿಂದುಮುಂದಿನ ಗಾಳಿಸೋರಿಕೆ.

‘ಹತ್ತಿರವಿದ್ದಷ್ಟೂ ಒಳ್ಳೆಯದು’ ಎಂಬ ಮಾತಿಗೆ ಕಾರಣವಿಲ್ಲದಿಲ್ಲ. 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಳಕೆಗೆ ಬಂದ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್‌ಗೆ ತನ್ನದೇ ಹೀಟರ್ ಇರಲಿಲ್ಲ. ಒಳಗಿನ ಜಿರ್ಕೋನಿಯಾ ಪಿಂಗಾಣಿ ಸುಮಾರು 300ರಿಂದ 350 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗದೆ ಕೆಲಸವನ್ನೇ ಮಾಡುವುದಿಲ್ಲವಾದ್ದರಿಂದ, ಹೊಗೆಯ ಬಿಸಿಯೊಂದನ್ನೇ ನಂಬಿದ್ದ ಆ ಸೆನ್ಸರನ್ನು ಮ್ಯಾನಿಫೋಲ್ಡ್‌ಗೆ ಅಂಟಿಸಿದಂತೆ ಇಡುವುದು ಅನಿವಾರ್ಯವಾಗಿತ್ತು. 1980ರ ದಶಕದಲ್ಲಿ ಹೀಟರ್ ಇರುವ ಸೆನ್ಸರ್‌ಗಳು ಬಂದವು. ಕಾರಣ ಹೋದರೂ ಸಲಹೆ ಮಾತ್ರ ಉಳಿದುಕೊಂಡಿತು.

ಈಗಿನ ವೈಡ್‌ಬ್ಯಾಂಡ್ ಸೆನ್ಸರ್‌ನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಹೆಚ್ಚಿನ ಗೇಜ್‌ಗಳ ಜೊತೆ ಬರುವ ಬಾಷ್ ಎಲ್‌ಎಸ್‌ಯು 4.9 ಸೆನ್ಸರನ್ನೇ ತೆಗೆದುಕೊಳ್ಳಿ. ಅದರ ಪಿಂಗಾಣಿ ಅಂಶವನ್ನು ಕಂಟ್ರೋಲರ್ (ಸೆನ್ಸರನ್ನು ನಡೆಸುವ ಎಲೆಕ್ಟ್ರಾನಿಕ್ ಘಟಕ) ಸುಮಾರು 780 ಡಿಗ್ರಿಯಲ್ಲಿ ಹಿಡಿದಿಟ್ಟಿರಬೇಕು, ಏಕೆಂದರೆ ಅಳತೆಯ ಲೆಕ್ಕವೆಲ್ಲ ನಿಂತಿರುವುದು ಆ ಉಷ್ಣತೆಯ ಮೇಲೆ. ಕಂಟ್ರೋಲರ್‌ನ ಕೈಯಲ್ಲಿರುವುದು ಹೀಟರ್ ಒಂದೇ. ಬಿಸಿ ಕಡಿಮೆಯಾದರೆ ಹೀಟರ್‌ನ ಶಕ್ತಿಯನ್ನು ಏರಿಸಬಲ್ಲದು, ಹೆಚ್ಚಾದರೆ ಪೂರ್ತಿ ನಿಲ್ಲಿಸಬಲ್ಲದು, ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರದು. ತಣಿಸುವ ಉಪಾಯ ಅದರ ಬಳಿ ಇಲ್ಲ. ಎಕ್ಸಾಸ್ಟ್ ಪೋರ್ಟ್‌ನಿಂದ ಗೇಣುದ್ದ ದೂರದಲ್ಲಿ ಸೆನ್ಸರ್ ಇಟ್ಟು ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ ಓಡಿಸಿದರೆ ಹೀಟರ್ ಪೂರ್ತಿ ನಿಂತರೂ ಪಿಂಗಾಣಿ ಕಾಯುತ್ತಲೇ ಹೋಗುತ್ತದೆ, ಅಂಕಿ ದಾರಿ ತಪ್ಪುತ್ತದೆ, ಸೆನ್ಸರ್‌ನ ಆಯಸ್ಸೂ ಸವೆಯುತ್ತದೆ. ಈ ಸೆನ್ಸರ್‌ಗೆ ಹೊಗೆಯ ಉಷ್ಣತೆ ನಿರಂತರವಾಗಿ 930 ಡಿಗ್ರಿಯನ್ನು ಮೀರಬಾರದು. ಹೊರಗೆ ಸ್ಪ್ಯಾನರ್ ಹಿಡಿಯುವ ಷಡ್ಭುಜದ ಭಾಗ 600 ಡಿಗ್ರಿಯನ್ನು ದಾಟಬಾರದು ಎಂಬ ಇನ್ನೊಂದು ಮಿತಿಯೂ ಇದೆ; ಅದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಗಾಳಿಯಾಡದ ಕಡೆ, ಹೀಟ್ ಶೀಲ್ಡ್‌ನ ಒಳಗೆ ಹುದುಗಿಸಿಟ್ಟ ಸೆನ್ಸರ್‌ಗಳು ಎಷ್ಟೋ ಬಾರಿ ಹಾಳಾಗುವುದು ಮೂತಿಯ ಕಡೆಯಿಂದಲ್ಲ, ತಂತಿಗಳು ಹೊರಬರುವ ರಬ್ಬರ್ ಬೂಟಿನ ಕಡೆಯಿಂದ.

ಹತ್ತಿರವಿಡುವುದರ ಲಾಭ ಎಷ್ಟು ಎಂದೂ ಲೆಕ್ಕ ಹಾಕಿ ನೋಡೋಣ. ನಿಮ್ಮಂಥ 1.6 ಲೀಟರ್ ಎಂಜಿನ್ ಐಡಲ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡೂವರೆ ಗ್ರಾಂ ಗಾಳಿ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಹೊಗೆ 400 ಡಿಗ್ರಿಯಲ್ಲಿದ್ದು ಪೈಪಿನ ಒಳವ್ಯಾಸ 50 ಮಿ.ಮೀ. ಇದ್ದರೆ, ಹೊಗೆ ಸೆಕೆಂಡಿಗೆ ಎರಡೂವರೆ ಮೀಟರ್‌ಗಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಸಾಗುತ್ತದೆ; ಒಂದು ಮೀಟರ್ ದಾಟಲು ಸುಮಾರು 0.4 ಸೆಕೆಂಡ್ ಬೇಕು. ಅಷ್ಟರಲ್ಲಿ 800 ಆರ್‌ಪಿಎಂನಲ್ಲಿ ಸಿಲಿಂಡರ್‌ಗಳು ಹತ್ತು ಬಾರಿ ಉರಿದಿರುತ್ತವೆ. ಇದು ಗಮನಕ್ಕೆ ಬರುವಂಥ ವಿಳಂಬವೇ. ಅದೇ ಎಂಜಿನ್ 6000 ಆರ್‌ಪಿಎಂನಲ್ಲಿ ಪೂರ್ಣ ಥ್ರಾಟಲ್‌ನಲ್ಲಿ ಓಡುವಾಗ ಹೊಗೆಯ ವೇಗ ಸೆಕೆಂಡಿಗೆ ನೂರು ಮೀಟರ್ ದಾಟಿರುತ್ತದೆ, ಒಂದು ಮೀಟರ್‌ಗೆ ತಗಲುವ ಕಾಲ 10 ಮಿಲಿಸೆಕೆಂಡಿಗಿಂತ ಕಡಿಮೆ. ಸೆನ್ಸರ್ ಪ್ರತಿಕ್ರಿಯಿಸಲು ತೆಗೆದುಕೊಳ್ಳುವ ಸಮಯವೇ ಅದಕ್ಕಿಂತ ಎಷ್ಟೋ ಹೆಚ್ಚು. ಎಂಜಿನ್ ಉಳಿಸುವ ದೃಷ್ಟಿಯಿಂದ ಅತಿ ಮುಖ್ಯವಾದ ಪೂರ್ಣ ಲೋಡ್ ಟ್ಯೂನಿಂಗ್‌ಗೆ, ಹಾಗಾಗಿ, ಅರ್ಧ ಮೀಟರ್ ಆಚೀಚೆಯಾದರೆ ಏನೂ ವ್ಯತ್ಯಾಸವಾಗುವುದಿಲ್ಲ. ಥ್ರಾಟಲನ್ನು ಥಟ್ಟನೆ ಒತ್ತಿದಾಗಿನ ಇಂಧನವನ್ನು ಹೊಂದಿಸುವಾಗ ಮಾತ್ರ ಈ ವಿಳಂಬವನ್ನು ಲೆಕ್ಕಕ್ಕೆ ಹಿಡಿದು ಲಾಗ್ ಓದಬೇಕಾಗುತ್ತದೆ.

ಹತ್ತಿರವಿಡುವುದಕ್ಕೆ ಇನ್ನೊಂದು ತೊಡಕೂ ಇದೆ. ಮ್ಯಾನಿಫೋಲ್ಡ್‌ನ ಒಂದು ಕವಲಿನಲ್ಲಿ ಸೆನ್ಸರ್ ಇಟ್ಟರೆ ಅದು ಹೇಳುವುದು ಆ ಒಂದು ಸಿಲಿಂಡರ್‌ನ ಕಥೆಯನ್ನಷ್ಟೇ. ಇಂಜೆಕ್ಟರ್ ಕಟ್ಟಿಕೊಂಡ ಪಕ್ಕದ ಸಿಲಿಂಡರ್ ಇಂಧನ ಸಾಲದೆ ಓಡುತ್ತಿದ್ದರೂ ಗೇಜ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕವಲುಗಳು ಕೂಡುವ ಜಾಗದಲ್ಲೇ ಇಟ್ಟರೂ ಹೊಗೆ ಇನ್ನೂ ಬೆರೆತಿರುವುದಿಲ್ಲ, ಸೆನ್ಸರ್‌ಗೆ ನೇರವಾಗಿ ಮುಖಮಾಡಿದ ಕವಲಿನ ಮಾತೇ ಮೇಲಾಗುತ್ತದೆ. ಕೂಡಿದ ಮೇಲೆ ಪೈಪಿನ ವ್ಯಾಸದ ಐದಾರು ಪಟ್ಟಾದರೂ ಮುಂದೆ ಸಾಗಲು ಬಿಡಿ. ನಿಮ್ಮ ಪೈಪಿಗೆ ಅದು 25ರಿಂದ 30 ಸೆಂ.ಮೀ. ಆಗುತ್ತದೆ. ಎರಡೆರಡಾಗಿ ಕೂಡಿ ಕೊನೆಗೆ ಒಂದಾಗುವ ಬಗೆಯ ಹೆಡರ್ ಇದ್ದರೆ ಕೊನೆಯ ಕೂಡಿಕೆಯಿಂದ ಈ ಅಳತೆ ಹಿಡಿಯಬೇಕು. ವಿ ಆಕಾರದ ಎಂಜಿನ್‌ಗಳಲ್ಲಿ ಎರಡೂ ಬ್ಯಾಂಕ್‌ಗಳಿಗೆ ಪ್ರತ್ಯೇಕ ಸೆನ್ಸರ್ ಬೇಕು, ಆದರೆ ಅದು ನಿಮ್ಮ ಪ್ರಶ್ನೆಯಲ್ಲ.

ಇನ್ನು ಮೆಕ್ಯಾನಿಕ್ ಹೇಳುವ ಜಾಗ. ಅದರಲ್ಲಿ ಎರಡು ದೋಷಗಳಿವೆ: ಒಂದು ಕ್ಯಾಟ್‌ನ ನಂತರ ಎಂಬುದು, ಇನ್ನೊಂದು ತಳಭಾಗ ಎಂಬುದು. ಮೊದಲನೆಯದನ್ನು ಹೇಗೋ ಸಹಿಸಬಹುದು, ಎರಡನೆಯದನ್ನು ಸಹಿಸಲಾಗದು.

ಕ್ಯಾಟ್ ಹೊಗೆಯ ಒಳಗಿನ ಘಟಕಗಳನ್ನು ಪರಸ್ಪರ ವರ್ತಿಸುವಂತೆ ಮಾಡುತ್ತದೆಯೇ ಹೊರತು ಹೊರಗಿನಿಂದ ಗಾಳಿಯನ್ನಾಗಲಿ ಇಂಧನವನ್ನಾಗಲಿ ಸೇರಿಸುವುದಿಲ್ಲ. ಒಂದೇ ವೇಗ, ಒಂದೇ ಲೋಡ್‌ನಲ್ಲಿ ಎಂಜಿನ್ ಕೆಲಹೊತ್ತು ಓಡುತ್ತಿದ್ದರೆ ಕ್ಯಾಟ್‌ನ ಹಿಂದೆಯೂ ಮುಂದೆಯೂ ವೈಡ್‌ಬ್ಯಾಂಡ್ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ತೊಂದರೆಯಿರುವುದು ಬದಲಾವಣೆಯ ಹೊತ್ತಿನಲ್ಲಿ. ಕ್ಯಾಟ್‌ನ ಒಳಲೇಪದಲ್ಲಿರುವ ಸೀರಿಯಮ್ ಆಕ್ಸೈಡ್, ಆಮ್ಲಜನಕ ಹೆಚ್ಚಾದಾಗ ಅದನ್ನು ಹಿಡಿದಿಟ್ಟುಕೊಂಡು ಕೊರತೆಯಾದಾಗ ಬಿಟ್ಟುಕೊಡುತ್ತದೆ. ಅದಿರುವುದೇ ಆ ಕೆಲಸಕ್ಕೆ. ಇದರಿಂದಾಗಿ ಎಂಜಿನ್ ಒಂದು ಕ್ಷಣ ಲೀನ್ (ಇಂಧನ ಕಡಿಮೆ) ಆಗಿ, ಮರುಕ್ಷಣ ರಿಚ್ (ಇಂಧನ ಹೆಚ್ಚು) ಆದರೆ ಕ್ಯಾಟ್‌ನ ಆಚೆಗಿರುವ ಸೆನ್ಸರ್‌ಗೆ ಎರಡೂ ತಿಳಿಯುವುದಿಲ್ಲ, ಅಲ್ಲಿ ಗೆರೆ ನೇರವಾಗಿಯೇ ಓಡುತ್ತಿರುತ್ತದೆ. ಕಂಪನಿಗಳು ಎರಡನೆಯ ಸೆನ್ಸರನ್ನು ಅಲ್ಲಿ ಇಡುವುದು ಇದೇ ಕಾರಣಕ್ಕೆ: ಅಲ್ಲಿನ ಸಂಕೇತವೂ ಮುಂದಿನ ಸೆನ್ಸರ್‌ನಂತೆ ಏರಿಳಿಯತೊಡಗಿದರೆ ಕ್ಯಾಟ್ ಸೋತಿದೆ ಎಂದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಗೊತ್ತಾಗುತ್ತದೆ. ಕ್ಯಾಟನ್ನು ಪರೀಕ್ಷಿಸಲು ಅದು ಸರಿಯಾದ ಜಾಗ, ಎಂಜಿನ್ ಟ್ಯೂನ್ ಮಾಡಲು ಅಲ್ಲ.

ತಳಭಾಗದ ಮಾತು ಬೇರೆ, ಅಲ್ಲಿರುವುದು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹೊರಬರುತ್ತದೆ. ಪೈಪಿನ ಗೋಡೆ ಸುಮಾರು 50ರಿಂದ 55 ಡಿಗ್ರಿಗಿಂತ ತಣ್ಣಗಿರುವವರೆಗೆ ಆ ಆವಿ ಗೋಡೆಗೆ ತಾಗಿ ಹನಿಗಟ್ಟುತ್ತದೆ, ಹನಿಗಳು ತಳಕ್ಕಿಳಿದು ಸಣ್ಣ ತೊರೆಯಾಗಿ ಹರಿಯುತ್ತವೆ. ಬೆಳಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ನೀರನ್ನು ನೀವೂ ನೋಡಿರುತ್ತೀರಿ. ಒಳಗೆ ಅದರ ಹಲವು ಪಟ್ಟು ಇರುತ್ತದೆ. ಅದೇ ಹೊತ್ತಿಗೆ ಸೆನ್ಸರ್‌ನ ಹೀಟರ್ ಪಿಂಗಾಣಿಯನ್ನು 780 ಡಿಗ್ರಿಯತ್ತ ಏರಿಸುತ್ತಿರುತ್ತದೆ. ರಕ್ಷಣಾ ಕವಚದ ರಂಧ್ರದ ಮೂಲಕ ಒಂದು ಹನಿ ಒಳಹೊಕ್ಕು ತಾಗಿತೆಂದರೆ ಉರಿಯುವ ಲಾಂದ್ರದ ಗಾಜಿಗೆ ನೀರು ಚಿಮುಕಿಸಿದಂತೆ ಆ ಪಿಂಗಾಣಿ ಸೀಳುತ್ತದೆ. ಸೀಳಿದ್ದನ್ನು ಸರಿಪಡಿಸುವ ದಾರಿ ಇಲ್ಲ. ಬಿಚ್ಚಿ ನೋಡಿದರೆ ಹೊರಗಿನಿಂದ ಎಲ್ಲವೂ ಹೊಸದರಂತೆಯೇ ಕಾಣುವುದರಿಂದ ‘ಸೆನ್ಸರ್ ಕ್ವಾಲಿಟಿ ಸರಿಯಿಲ್ಲ’ ಎಂದು ಬೈದು ಇನ್ನೊಂದನ್ನು ತಂದು ಅದೇ ತೂತಿಗೆ ಹಾಕುವವರೇ ಹೆಚ್ಚು.

ಆದ್ದರಿಂದ ಅಡ್ಡಲಾಗಿ ಮಲಗಿರುವ ಪೈಪನ್ನು ಗಡಿಯಾರದ ಮುಖದಂತೆ ಊಹಿಸಿಕೊಂಡು, ಹತ್ತು ಅಥವಾ ಎರಡು ಗಂಟೆಯ ಸ್ಥಾನದಲ್ಲಿ ಸೆನ್ಸರ್ ಇಡಿ. ಬಾಷ್ ಕಂಪನಿಯ ನಿಯಮದ ಪ್ರಕಾರ ಸೆನ್ಸರ್ ನೆಲಮಟ್ಟದ ಗೆರೆಗಿಂತ ಕನಿಷ್ಠ 10 ಡಿಗ್ರಿಯಾದರೂ ಓರೆಯಾಗಿ, ತಂತಿಯ ತುದಿ ಮೇಲಾಗಿ ಇರಬೇಕು. ಹಾಗಿದ್ದರೆ ಪಿಂಗಾಣಿ ಮತ್ತು ಕವಚದ ನಡುವೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಹನ್ನೆರಡು ಗಂಟೆಯ ಸ್ಥಾನ ನಿಷಿದ್ಧವೇನಲ್ಲ, ಆದರೆ ಕಾರು ನಿಂತ ಮೇಲೆ ಪೈಪಿನ ಬಿಸಿಯೆಲ್ಲ ನೇರವಾಗಿ ಮೇಲೆದ್ದು ಕನೆಕ್ಟರ್ ಮತ್ತು ತಂತಿಗೆ ತಗಲುವುದರಿಂದ ನಾನು ಅದನ್ನು ಆದಷ್ಟು ತಪ್ಪಿಸುತ್ತೇನೆ.

ನಿಮ್ಮ ಡೌನ್‌ಪೈಪ್ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅದು ಎಂಜಿನ್‌ನಿಂದ ನೆಟ್ಟಗೆ ಕೆಳಗಿಳಿದು ಆಮೇಲೆ ಬಾಗಿ ಕಾರಿನಡಿ ಸಾಗುತ್ತದೆ. ನೆಟ್ಟಗಿರುವ ಪೈಪಿಗೆ ಲಂಬವಾಗಿ ತೂತು ಕೊರೆದರೆ ಸೆನ್ಸರ್ ಸರಿಯಾಗಿ ಅಡ್ಡಲಾಗಿ ಮಲಗುತ್ತದೆ, ಹತ್ತು ಡಿಗ್ರಿಯ ನಿಯಮ ಅಲ್ಲೇ ಮುರಿಯುತ್ತದೆ. ಅಲ್ಲಿ ಬಂಗನ್ನೇ, ಅಂದರೆ ಸೆನ್ಸರ್ ತಿರುಗಿಸಿ ಕೂರಿಸುವ ಥ್ರೆಡ್ ಇರುವ ಉಕ್ಕಿನ ಬಳೆಯನ್ನೇ, 15 ಡಿಗ್ರಿಯಷ್ಟು ಓರೆಯಾಗಿಟ್ಟು ವೆಲ್ಡ್ ಮಾಡಿಸಬೇಕು. ಇದಕ್ಕಾಗಿ ಪೈಪಿನ ತೂತನ್ನು ಅರದಿಂದ ಸ್ವಲ್ಪ ಮೊಟ್ಟೆಯಾಕಾರಕ್ಕೆ ಉಜ್ಜಬೇಕಾಗುತ್ತದೆ. ಕಷ್ಟದ ಕೆಲಸವೇನಲ್ಲ, ಆದರೆ ಹೇಳದಿದ್ದರೆ ಯಾರೂ ಮಾಡುವುದಿಲ್ಲ. ಬಾಗಿನ ಒಳಮೈಯಲ್ಲಿ ಮತ್ತು ಬಾಗು ಮುಗಿದ ಕೂಡಲೇ ಇಡಬೇಡಿ, ಅಲ್ಲಿ ಹೊಗೆ ಹೊರಗೋಡೆಯತ್ತ ಸರಿದಿರುತ್ತದೆ.

ಹೀಟರ್‌ಗೆ ಕರೆಂಟ್ ಯಾವಾಗ ಹೋಗುತ್ತದೆ ಎಂಬುದೂ ಇದೇ ನೀರಿನ ವಿಷಯಕ್ಕೆ ಸೇರಿದ್ದು. ಇಗ್ನಿಷನ್ ಆನ್ ಮಾಡಿ, ಕೆಲಹೊತ್ತು ಫೋನ್ ನೋಡಿ, ಆಮೇಲೆ ಸ್ಟಾರ್ಟ್ ಮಾಡುವ ಅಭ್ಯಾಸವಿದ್ದರೆ, ಅಷ್ಟರಲ್ಲಿ ಸೆನ್ಸರ್ ಪೂರ್ತಿ ಕಾದಿರುತ್ತದೆ, ಹಿಂದಿನ ದಿನದ ನೀರು ಮೊದಲ ಹೊಗೆಯ ರಭಸಕ್ಕೆ ಹಾರಿ ಅದರ ಮೇಲೆ ಬೀಳುತ್ತದೆ. ಕಂಪನಿಯ ಇಸಿಯುಗಳು ಪೈಪ್ ಒಣಗುವವರೆಗೆ ಹೀಟರನ್ನು ಹಗುರವಾಗಿಯೇ ಓಡಿಸುತ್ತವೆ. ಹೊರಗಿನಿಂದ ತರುವ ಗೇಜ್‌ಗಳಲ್ಲಿ ಎಲ್ಲವೂ ಅಷ್ಟು ಜಾಣವಲ್ಲ. ಎಂಜಿನ್ ಓಡತೊಡಗಿದ ಮೇಲಷ್ಟೇ ಕರೆಂಟ್ ಕೊಡುವ ರಿಲೇಯಿಂದ ಗೇಜ್‌ಗೆ ವೈರ್ ಎಳೆಸಿ. ಇದರ ವಿರುದ್ಧದ ತಪ್ಪನ್ನೂ ಮಾಡಬೇಡಿ: ಸೆನ್ಸರ್ ಪೈಪಿನಲ್ಲಿದ್ದು ಹೀಟರ್‌ಗೆ ಕರೆಂಟೇ ಇಲ್ಲದೆ ಕಾರು ಓಡಿಸಿದರೆ ಮಸಿ ಮತ್ತು ತೇವ ಅದರ ಸೂಕ್ಷ್ಮ ರಂಧ್ರಗಳನ್ನು ಕಟ್ಟಿಬಿಡುತ್ತವೆ.

ಈಗ ಸೋರಿಕೆಯ ವಿಚಾರ. ಎಕ್ಸಾಸ್ಟ್‌ನಲ್ಲಿ ಹೊಗೆ ಹೊರಕ್ಕೆ ಒತ್ತುತ್ತಿರುವಾಗ ಗಾಳಿ ಒಳಕ್ಕೆ ಹೇಗೆ ಬಂದೀತು ಎಂದು ಹಲವರು ಕೇಳುತ್ತಾರೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಅಲೆಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುವ ಕ್ಷಣಗಳಿರುತ್ತವೆ. ಆ ಕ್ಷಣದಲ್ಲಿ ಹರಿದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬಿರುಕುಬಿಟ್ಟ ವೆಲ್ಡ್, ಸಡಿಲವಾದ ಜೋಡಣೆ, ಎಲ್ಲವೂ ಗಾಳಿಯನ್ನು ಒಳಗೆಳೆಯುತ್ತವೆ. ಗಾಳಿಯಲ್ಲಿ ಶೇ. 20.9ರಷ್ಟು ಆಮ್ಲಜನಕ ಇರುವುದರಿಂದ ಒಂದಿಷ್ಟು ಬೆರೆತರೂ ಸೆನ್ಸರ್ ‘ಲೀನ್’ ಎನ್ನುತ್ತದೆ. ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸಿದರೆ ಎಂಜಿನ್ ನಿಜದಲ್ಲಿ ರಿಚ್ ಆಗುತ್ತ ಹೋಗುತ್ತದೆ. ಗುರುತು ಹಿಡಿಯುವ ಒಂದು ಲಕ್ಷಣವಿದೆ: ಐಡಲ್‌ನಲ್ಲಿ ಗಾಳಿ–ಪೆಟ್ರೋಲ್ ಅನುಪಾತದ ಅಂಕಿ 16, 17ರತ್ತ ಏರಿದ್ದು, ಆರ್‌ಪಿಎಂ ಹೆಚ್ಚಿಸಿದಂತೆ ತಾನಾಗಿಯೇ ಸಮತೋಲದ ಅಂಕಿಯಾದ 14.7ರ ಸುತ್ತಮುತ್ತ ಬಂದು ನಿಂತರೆ, ಇಂಧನದ ನಕ್ಷೆಗೆ ಕೈಹಾಕುವ ಮೊದಲು ಸೋರಿಕೆಯನ್ನು ಹುಡುಕಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ತುದಿಗೆ ದಪ್ಪ ಬಟ್ಟೆ ಅದುಮಿ ಹಿಡಿಸಿ, ಇನ್ನೊಬ್ಬರು ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚುತ್ತ ಬಂದರೆ ಗುಳ್ಳೆಗಳೇ ಜಾಗ ತೋರಿಸುತ್ತವೆ.

ಫ್ಲೆಕ್ಸ್ ಪೈಪ್‌ಗೆ ಮೊದಲೇ ಸೆನ್ಸರ್ ಇರಲಿ ಎಂದದ್ದು ಇದಕ್ಕೇ. ಇಡೀ ಎಕ್ಸಾಸ್ಟ್‌ನಲ್ಲಿ ಮೊದಲು ಸೋರತೊಡಗುವ ಭಾಗಗಳಲ್ಲಿ ಅದೂ ಒಂದು. ಸೈಲೆನ್ಸರ್ ತುದಿಯಲ್ಲಿ ಸೆನ್ಸರ್ ಸಿಕ್ಕಿಸುವ ಕ್ಲಾಂಪ್‌ಗಳಿಗೂ ಇದೇ ದೋಷವಿದೆ: ಐಡಲ್‌ನಲ್ಲಿ ಹೊರಗಾಳಿ ತುದಿಯಿಂದ ಹಿಮ್ಮುಖವಾಗಿ ನುಗ್ಗುವುದರಿಂದ, ಅವು ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಪೂರ್ಣ ಥ್ರಾಟಲ್ ಓಟಕ್ಕಷ್ಟೇ ಸರಿ.

ಟರ್ಬೊ ಹಾಕಿಸಿದರೆ ಸೆನ್ಸರ್ ಟರ್ಬೈನ್‌ನ ಆಚೆಗಿರಬೇಕು, ಇದರಲ್ಲಿ ಎರಡು ಮಾತಿಲ್ಲ. ಟರ್ಬೈನ್‌ನ ಈಚೆಗೆ ಬಿಸಿ ಹೆಚ್ಚು ಎಂಬುದು ಒಂದು ಕಾರಣ. ಒತ್ತಡ ಹೆಚ್ಚು ಎಂಬುದು ಅದಕ್ಕಿಂತ ದೊಡ್ಡ ಕಾರಣ. ವೈಡ್‌ಬ್ಯಾಂಡ್ ಸೆನ್ಸರ್ ಅಳೆಯುವುದು ಒಂದು ಸಣ್ಣ ತಡೆಯ ಮೂಲಕ ಒಳನುಸುಳುವ ಅನಿಲವನ್ನು. ಹೊರಗಿನ ಒತ್ತಡ ಏರಿದರೆ ನುಸುಳುವ ಪ್ರಮಾಣವೂ ಏರುತ್ತದೆ, ಆಗ ರಿಚ್ ಇದ್ದದ್ದು ಇನ್ನಷ್ಟು ರಿಚ್ ಆಗಿಯೂ ಲೀನ್ ಇದ್ದದ್ದು ಇನ್ನಷ್ಟು ಲೀನ್ ಆಗಿಯೂ ಕಾಣುತ್ತದೆ. ಬೂಸ್ಟ್‌ನಲ್ಲಿ (ಟರ್ಬೊ ಒತ್ತಿ ಗಾಳಿ ತುಂಬುತ್ತಿರುವಾಗ) ಎಂಜಿನ್ ಇರುವುದಕ್ಕಿಂತ ರಿಚ್ ಎಂದು ಗೇಜ್ ಸುಳ್ಳು ಹೇಳಿದರೆ ಅದನ್ನು ನಂಬಿ ಪೆಟ್ರೋಲ್ ಕಡಿಮೆ ಮಾಡುತ್ತೀರಿ. ಪಿಸ್ಟನ್ ಕರಗುವುದು ಹೀಗೆಯೇ. ಟರ್ಬೈನ್‌ನಿಂದ 45ರಿಂದ 90 ಸೆಂ.ಮೀ. ಆಚೆ, ವೇಸ್ಟ್‌ಗೇಟ್‌ನ (ಟರ್ಬೈನ್ ತಪ್ಪಿಸಿ ಹೊಗೆ ಬಿಡುವ ಕವಾಟದ) ಹೊಗೆ ಮರಳಿ ಸೇರುವ ಜಾಗವನ್ನೂ ದಾಟಿದ ಮೇಲೆ ಸೆನ್ಸರ್ ಇರಲಿ. ಟರ್ಬೊ ಜೊತೆ ಡೌನ್‌ಪೈಪೂ ಹೇಗಿದ್ದರೂ ಬದಲಾಗುವುದರಿಂದ ಈಗಿನ ಬಂಗ್ ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ, ಹೊಸ ಪೈಪಿಗೆ ಹೊಸದನ್ನು ಹಾಕಿಸಿದರಾಯಿತು.

ವೆಲ್ಡಿಂಗ್‌ಗೆ ಕೊಡುವ ಮೊದಲು ಡೌನ್‌ಪೈಪ್ ಬಿಚ್ಚಿಸುವುದು ಒಳ್ಳೆಯದು. ಸೆನ್ಸರ್‌ನ ಥ್ರೆಡ್ 18 ಮಿ.ಮೀ. ವ್ಯಾಸ, 1.5 ಮಿ.ಮೀ. ಪಿಚ್‌ನದು. ವೆಲ್ಡಿಂಗ್‌ನ ಬಿಸಿಗೆ ಬಂಗ್ ಸೊಟ್ಟಗಾಗದಂತೆ ಅದೇ ಅಳತೆಯ ಹಳೆಯ ಪ್ಲಗ್ ಒಂದನ್ನು ಅದರೊಳಗೆ ತಿರುಗಿಸಿಟ್ಟು ವೆಲ್ಡ್ ಮಾಡಬೇಕು. ಸೆನ್ಸರನ್ನೇ ಹಾಕಿಟ್ಟು ಮಾಡಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಬಂಗ್ ತೀರಾ ಎತ್ತರದ್ದಾದರೆ ಮೂತಿ ಅದರ ಗುಳಿಯೊಳಗೇ ಉಳಿದು ಹಳಸಿದ ಹೊಗೆಯನ್ನು ಅಳೆಯುತ್ತದೆ. ಕವಚದ ರಂಧ್ರಗಳು ಪೈಪಿನ ಒಳಗೋಡೆಯನ್ನು ದಾಟಿ ಹರಿವಿನೊಳಗೆ ಚಾಚಿರುವುದನ್ನು ಬೆಳಕು ಬಿಟ್ಟು ಕಣ್ಣಾರೆ ನೋಡಿಕೊಳ್ಳಿ. ಬಿಗಿಸುವುದು 40ರಿಂದ 60 ನ್ಯೂಟನ್ ಮೀಟರ್. ಹೊಸ ಸೆನ್ಸರ್‌ನ ಥ್ರೆಡ್‌ಗೆ ಗ್ರೀಸ್ ಹಚ್ಚಿಯೇ ಬಂದಿರುತ್ತದೆ. ಮತ್ತೆ ಹಚ್ಚುವುದಾದರೆ ಬಿಸಿ ತಡೆಯುವ ಆಂಟಿಸೀಜ್ ಅನ್ನು ಥ್ರೆಡ್‌ಗೆ ಮಾತ್ರ ಹಚ್ಚಿ, ಮೂತಿಗೆ ತಾಗಿಸಬೇಡಿ. ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಹತ್ತಿರವೂ ಬೇಡ, ಅದರ ಆವಿ ಈ ಸೆನ್ಸರ್‌ಗಳಿಗೆ ವಿಷ. ತಂತಿ ಉದ್ದ ಸಾಲದಿದ್ದರೆ ಗೇಜ್‌ನ ಕಡೆಯ ಕೇಬಲ್ ಉದ್ದ ಮಾಡಿಸಿ; ಸೆನ್ಸರ್‌ನ ಕನೆಕ್ಟರನ್ನು ಮಾತ್ರ ಕತ್ತರಿಸಬೇಡಿ, ಆ ಒಂದು ಸೆನ್ಸರ್‌ಗೆಂದೇ ಹೊಂದಿಸಿದ ರೆಸಿಸ್ಟರ್ ಅದರೊಳಗೆ ಕೂತಿರುತ್ತದೆ.

ಡೌನ್‌ಪೈಪ್‌ನಲ್ಲಿ ಜಾಗವೇ ಇಲ್ಲವೆಂದಾದರೆ ಕಂಪನಿಯ ನ್ಯಾರೋಬ್ಯಾಂಡ್ ಬಿಚ್ಚಿ ಅದೇ ತೂತಿಗೆ ವೈಡ್‌ಬ್ಯಾಂಡ್ ಹಾಕಿ, ಇಸಿಯುಗೆ ಬೇಕಾದ ನ್ಯಾರೋಬ್ಯಾಂಡ್ ಸಂಕೇತವನ್ನು ಕಂಟ್ರೋಲರ್‌ನಿಂದಲೇ ಕೊಡಿಸುವ ದಾರಿಯೂ ಇದೆ. ಕ್ಯಾಟ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡಿರುವ ಕಾರುಗಳಲ್ಲಿ ಹಲವೊಮ್ಮೆ ಉಳಿಯುವುದು ಅದೊಂದೇ. ನಿಮಗೆ ಜಾಗವಿರುವಾಗ ಅದು ಬೇಡ, ಎರಡೂ ಸೆನ್ಸರ್‌ಗಳಿದ್ದರೆ ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸಬಹುದು: ಎಂಜಿನ್ ಬಿಸಿಯಾಗಿ ಸಮವೇಗದಲ್ಲಿ ಓಡುತ್ತಿರುವಾಗ ನ್ಯಾರೋಬ್ಯಾಂಡ್ 0.45 ವೋಲ್ಟ್‌ನ ಆಚೀಚೆ ತೂಗುತ್ತಿದ್ದರೆ ವೈಡ್‌ಬ್ಯಾಂಡ್ ಲ್ಯಾಂಬ್ಡಾ 1ರ (ಅಂದರೆ ಮೇಲೆ ಹೇಳಿದ 14.7ರ) ಸುತ್ತ ಇರಬೇಕು, ಗೇರ್‌ನಲ್ಲಿದ್ದಾಗಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಂಧನ ನಿಂತಾಗ ಗೇಜ್‌ನ ಲೀನ್ ತುದಿಗೆ ಹಾರಬೇಕು. ಟ್ಯೂನಿಂಗ್ ಮುಗಿದ ಮೇಲೆ ಗೇಜ್ ಬೇಡವೆನಿಸಿದರೆ ಸೆನ್ಸರ್ ಬಿಚ್ಚಿಟ್ಟು ಬಂಗ್‌ಗೆ ಪ್ಲಗ್ ಹಾಕಿಸಿ. ಪ್ಲಗ್‌ನಡಿ ವಾಷರ್ ಹಾಕಿಸುವುದನ್ನು ಮರೆತರೆ ಅಲ್ಲಿಂದಲೇ ಗಾಳಿ ನುಗ್ಗುತ್ತದೆ.